ಮಳೆಗಾಲ ತಾಳುವ ಚಟ್ಟಿ ಸ್ಟ್ಯಾಂಡ್: ಹಳೆಯ ಪಕ್ಕಾಸು, ರೀಪಿನಿಂದ ಮನೆಯಲ್ಲೇ ಮಾಡುವ ಬಗೆ

ಮಂಗಳೂರು, ಉಡುಪಿ ಕಡೆ ಹೂಗಿಡದ ಚಟ್ಟಿ ಇಡುವ ಮರದ ಸ್ಟ್ಯಾಂಡ್ ಭಾರಕ್ಕೆ ಮುರಿಯುವುದು ಕಡಿಮೆ. ನೀರಿಗೆ ಕೊಳೆಯುವುದೇ ಜಾಸ್ತಿ. ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ನಾಲ್ಕು ತಿಂಗಳು ಸಿಟೌಟಿನಲ್ಲಿಟ್ಟ ಮರ ಸರಿಯಾಗಿ ಒಣಗುವುದೇ ಇಲ್ಲ. ಮಳೆ ನಿಂತರೂ ಅದಕ್ಕೆ ಬಿಡುವಿಲ್ಲ, ಯಾಕೆಂದರೆ ಆಮೇಲೆ ನಾವೇ ದಿನಾ ಚಟ್ಟಿಗೆ ನೀರು ಹಾಕುತ್ತೇವೆ. ಆನ್‌ಲೈನ್‌ನಲ್ಲಿ ಸಿಗುವ ಚಂದದ ಸ್ಟ್ಯಾಂಡ್‌ಗಳು ಒಣ ಊರಿನ ಬಾಲ್ಕನಿಗೆ ಸರಿ. ಇಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಲಿನ ತುದಿ ಮೆತ್ತಗಾಗಿ, ಮೊಳೆಯ ಸುತ್ತ ಕಪ್ಪು ಕಲೆ ಬಿದ್ದಿರುತ್ತದೆ.

ಆದ್ದರಿಂದ ಇಲ್ಲಿ ಹೇಳುವ ಸ್ಟ್ಯಾಂಡಿನಲ್ಲಿ ಪ್ರತಿಯೊಂದನ್ನೂ ಒಂದೇ ಪ್ರಶ್ನೆ ಕೇಳಿ ತೀರ್ಮಾನಿಸಿದ್ದೇನೆ: ನೀರು ಇಲ್ಲಿ ನಿಲ್ಲುತ್ತದೋ, ಇಳಿದು ಹೋಗುತ್ತದೋ? ಎರಡು ಮೆಟ್ಟಿಲು, ಮೂರು ಅಡಿ ಉದ್ದ, ಒಂದೊಂದು ಮೆಟ್ಟಿಲಲ್ಲಿ ಮೂರು ಚಟ್ಟಿ. ಮರಗೆಲಸ ಗೊತ್ತಿಲ್ಲದವರೂ ಎರಡು ಮೂರು ರಜೆಯ ದಿನಗಳಲ್ಲಿ ಮುಗಿಸಬಹುದು. ಫೆಬ್ರವರಿಯಿಂದ ಮೇ ನಡುವೆ ಮಾಡಿದರೆ ಒಳ್ಳೆಯದು. ಮರ ಒಣಗಿರುತ್ತದೆ, ಅಂಟು ಬೇಗ ಹಿಡಿಯುತ್ತದೆ, ಎಣ್ಣೆ ಒಣಗಲು ಬಿಸಿಲು ಸಿಗುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದರೊಳಗೆ ಕೊನೆಯ ಕೋಟಿಂಗ್ ಮುಗಿದಿರಲಿ.

ಯಾವ ಮರ ತರಬೇಕು

ನನ್ನ ಮೊದಲ ಆಯ್ಕೆ ಹಳೆಯ ಹಂಚಿನ ಮನೆಯ ಮರ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯ ತುಂಬ ಮಂಗಳೂರು ಹಂಚಿನ ಮಾಡು ಬಂತು. ಹಂಚಿನ ಕೆಳಗೆ ರೀಪು, ರೀಪಿನ ಕೆಳಗೆ ಪಕ್ಕಾಸು. ಈಗ ಆ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುತ್ತಿದ್ದಾರೆ. ಬಾಗಿಲು, ಕಿಟಕಿ, ಕಂಬಗಳಿಗೆ ಒಳ್ಳೆಯ ಬೆಲೆ ಇದೆ. ತುಂಡು ಪಕ್ಕಾಸು, ರೀಪುಗಳನ್ನು ಮಾತ್ರ ಕೇಳುವವರು ಕಡಿಮೆ. ಎಷ್ಟೋ ಸಲ ಬಚ್ಚಲ ಒಲೆಗೆ ಹೋಗುತ್ತವೆ. ಹಳೆ ಮನೆಯ ಸಾಮಾನು ಮಾರುವವರ ಹತ್ತಿರ ಕೇಳಿ. ಊರಲ್ಲಿ ಯಾರಾದರೂ ಮನೆ ಕೆಡವುತ್ತಿದ್ದರೆ ಅಲ್ಲೇ ಕೇಳಿ.

ಈ ಮರದ ದೊಡ್ಡ ಗುಣ ಏನೆಂದರೆ, ದಶಕಗಳ ಕಾಲ ಮಾಡಿನಡಿ ಇದ್ದು ಒಣಗಿ, ಬಾಗುವಷ್ಟು ಬಾಗಿ ಆಗಿದೆ. ಇನ್ನು ಹೊಸದಾಗಿ ತಿರುಚಿಕೊಳ್ಳುವುದು ಕಡಿಮೆ. ಅಡುಗೆ ಮನೆಯ ಮೇಲಿದ್ದ, ಹೊಗೆ ಹಿಡಿದು ಕಪ್ಪಾದ ಪಕ್ಕಾಸು ಸಿಕ್ಕಿದರೆ ಬಿಡಬೇಡಿ. ಮೇಲಿನ ಮಸಿ ಕೀಸಿದರೆ ಒಳಗೆ ಗಟ್ಟಿ ಮರ ಇರುತ್ತದೆ.

ಆರಿಸುವಾಗ ಮೂರು ವಿಷಯ ನೋಡಿ. ತುಂಡನ್ನು ಕಲ್ಲಿನ ಮೇಲೆ ಕುಟ್ಟಿ: ಸಣ್ಣ ಹುಡಿ ಉದುರಿದರೆ ಕುಟ್ಟೆ ಹುಳ ಹಿಡಿದಿದೆ, ಬೇಡ. ತುದಿಗೆ ಸ್ಕ್ರೂ ಡ್ರೈವರ್ ಚುಚ್ಚಿ: ಸಲೀಸಾಗಿ ಒಳಗೆ ಹೋದರೆ ಲಡ್ಡಾಗಿದೆ, ಅಂದರೆ ಕೊಳೆತಿದೆ. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ: ಬಿಲ್ಲಿನ ಹಾಗೆ ಬಾಗಿದ್ದರೆ ಸಣ್ಣ ತುಂಡುಗಳಿಗೆ ಬಳಸಬಹುದು, ಉದ್ದ ಪಟ್ಟಿಗೆ ಆಗುವುದಿಲ್ಲ. ಹಳೆ ಮೊಳೆಯ ತೂತುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನನಗಂತೂ ಅವು ಕಾಣುವುದೇ ಚಂದ.

ಹಳೆಯದು ಸಿಗದಿದ್ದರೆ ಮರದ ಮಿಲ್ಲಿಗೆ ಹೋಗಿ. ಸಾಗುವಾನಿ ಒಳ್ಳೆಯದೇ, ಆದರೆ ದುಬಾರಿ. ಚಟ್ಟಿ ಇಡುವುದಕ್ಕೆ ಅಷ್ಟು ಖರ್ಚು ಬೇಕಾಗಿಲ್ಲ. ಹಲಸು, ಹೆಬ್ಬಲಸು ಸಾಕು. ಅಕೇಶಿಯಾ ಕೂಡ ಆಗುತ್ತದೆ, ಚೆನ್ನಾಗಿ ಒಣಗಿದ್ದನ್ನೇ ಕೊಡಿ ಅಂತ ಹೇಳಿ. ಮರ ಯಾವುದಾದರೂ ಒಳಗಿನ ಚೇಗು ಬೇಕು. ಹೊರಗಿನ ಬಿಳಿ ಭಾಗ ಸಾಗುವಾನಿಯದ್ದಾದರೂ ಒರಲೆಗೆ ಊಟವೇ. ‘ಸಾಗುವಾನಿ’ ಅಂತ ಹೇಳಿ ಬರೀ ಬಿಳಿ ಭಾಗ ಕೊಟ್ಟರೆ ತರಬೇಡಿ. ಅದಕ್ಕಿಂತ ಹಲಸಿನ ಹಳದಿ ಚೇಗು ಎಷ್ಟೋ ವಾಸಿ.

ಮಾವು ಮತ್ತು ರಬ್ಬರ್ ಮರ ಬೇಡ. ಎರಡೂ ಒದ್ದೆಗೆ ಬೇಗ ಕೊಳೆಯುತ್ತವೆ. ರಬ್ಬರಿಗೆ ಕುಟ್ಟೆಯೂ ಬೇಗ ಬರುತ್ತದೆ. ಪ್ಲೈವುಡ್, ಪಾರ್ಟಿಕಲ್ ಬೋರ್ಡ್ ಬಗ್ಗೆ ಮಾತೇ ಬೇಡ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಗುರ, ಕೆಲಸ ಮಾಡಲು ಸುಲಭ. ಆದರೆ ಮಳೆ ತಾಗದ ಒಳ ಜಗಲಿಗೆ ಮಾತ್ರ ಸರಿ. ಅದನ್ನೇ ತರುವುದಾದರೆ ಮೇಲಿನ ಮುದ್ರೆ ನೋಡಿ. ಎಚ್‌ಟಿ ಎಂದಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು. ಎಂಬಿ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷದ ಗಾಳಿ ಹಾಕಿದ್ದು. ಎಂಬಿ ಇರುವುದನ್ನು ಮನೆಗೆ ತರಬೇಡಿ.

ಅಳತೆ

ಎರಡು ಪಕ್ಕದ ಚೌಕಟ್ಟು, ಅವುಗಳ ಮೇಲೆ ಅಡ್ಡಕ್ಕೆ ಎಂಟು ಪಟ್ಟಿ, ಹಿಂದೆ ಒಂದು ಅಡ್ಡಪಟ್ಟಿ, ಒಂದು ಓರೆಪಟ್ಟಿ. ಇಷ್ಟೇ. ಕೆಳಗಿನ ಮೆಟ್ಟಿಲು ನೆಲದಿಂದ 10 ಇಂಚು, ಮೇಲಿನದು 20 ಇಂಚು ಎತ್ತರದಲ್ಲಿ ಬರುತ್ತದೆ.

ಪ್ರತಿ ಚೌಕಟ್ಟಿಗೆ ಮೂರು ಕಾಲು: ಹಿಂದೆ ಒಂದು, ನಡುವೆ ಒಂದು, ಮುಂದೆ ಒಂದು ಗಿಡ್ಡದ್ದು. ಹಿಂದಿನ ಮತ್ತು ನಡುವಿನ ಕಾಲಿನ ತಲೆಗೆ ಮೇಲಿನ ಆಧಾರಪಟ್ಟಿ. ಮೂರೂ ಕಾಲುಗಳನ್ನು ಸೇರಿಸುವುದು ಕೆಳಗಿನ ಆಧಾರಪಟ್ಟಿ.

ಕತ್ತರಿಸಬೇಕಾದ ತುಂಡುಗಳು ಇವು.

2×2 ಇಂಚಿನ ಮರದಲ್ಲಿ (ಪಕ್ಕಾಸನ್ನು ಮಿಲ್ಲಿನಲ್ಲಿ ಸೀಳಿಸಿದರೆ ಸಿಗುತ್ತದೆ):
- ಉದ್ದ ಕಾಲು, 19 ಇಂಚು: 4
- ಗಿಡ್ಡ ಕಾಲು, 9 ಇಂಚು: 2

2×1 ಇಂಚಿನ ಮರದಲ್ಲಿ (ರೀಪು):
- ಮೇಲಿನ ಆಧಾರಪಟ್ಟಿ, 9½ ಇಂಚು: 2
- ಕೆಳಗಿನ ಆಧಾರಪಟ್ಟಿ, 19½ ಇಂಚು: 2
- ಚಟ್ಟಿ ಕೂರುವ ಪಟ್ಟಿ, 36 ಇಂಚು: 8
- ಹಿಂದಿನ ಅಡ್ಡಪಟ್ಟಿ, 34 ಇಂಚು: 1
- ಓರೆಪಟ್ಟಿ, ಸುಮಾರು 40 ಇಂಚು: 1 (ಇದನ್ನು ಕೊನೆಗೆ ಅಲ್ಲೇ ಇಟ್ಟು ಕತ್ತರಿಸಬೇಕು)

2×2 ಲೆಕ್ಕದಲ್ಲಿ ಎಂಟಡಿಗೆ ಎರಡು ಇಂಚು ಕಡಿಮೆ ಬರುತ್ತದೆ, ಒಂಬತ್ತು ಅಡಿ ತನ್ನಿ. 2×1 ಲೆಕ್ಕದಲ್ಲಿ 35 ಅಡಿ ಬರುತ್ತದೆ, 40 ಅಡಿ ತನ್ನಿ. ಗಂಟು, ಸೀಳು, ಹಳೆ ತೂತು ತಪ್ಪಿಸಿ ಕತ್ತರಿಸುವಾಗ ವ್ಯರ್ಥ ಆಗಿಯೇ ಆಗುತ್ತದೆ.

ಒಂದೊಂದು ಮೆಟ್ಟಿಲಿಗೆ ನಾಲ್ಕು ಪಟ್ಟಿ, ನಡುವೆ ಅರ್ಧ ಇಂಚು ಸಂದು. ಈ ಸಂದನ್ನು ಕಡಿಮೆ ಮಾಡಬೇಡಿ. ಮರ ನೀರು ಕುಡಿದಾಗ ಅಗಲಕ್ಕೆ ಊದಿಕೊಳ್ಳುತ್ತದೆ, ಉದ್ದಕ್ಕೆ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಒತ್ತೊತ್ತಾಗಿ ಕೂರಿಸಿದರೆ ಜುಲೈಯಲ್ಲಿ ಪಟ್ಟಿಗಳು ಒಂದನ್ನೊಂದು ತಳ್ಳುತ್ತವೆ. ಜೊತೆಗೆ ಬಿದ್ದ ಎಲೆ, ಮಣ್ಣು ಸಂದಿನಲ್ಲಿ ಸಿಕ್ಕಿಕೊಂಡು ನೀರು ಹಿಡಿದಿಡುತ್ತವೆ. ಕೊಳೆಯುವುದು ಶುರುವಾಗುವುದೇ ಅಲ್ಲಿಂದ.

ಉದ್ದವನ್ನು ಮೂರು ಅಡಿಗಿಂತ ಜಾಸ್ತಿ ಮಾಡುವ ಆಸೆ ಇದ್ದರೆ ನಡುವೆ ಇನ್ನೊಂದು ಚೌಕಟ್ಟು ಕೊಡಿ. 10 ಇಂಚಿನ ಮಣ್ಣಿನ ಚಟ್ಟಿ ಒದ್ದೆ ಮಣ್ಣಿನ ಜೊತೆ 12ರಿಂದ 15 ಕಿಲೋ ತೂಗಬಹುದು. ಮೂರು ಚಟ್ಟಿ ಎಂದರೆ ಒಂದು ಮೆಟ್ಟಿಲ ಮೇಲೆ 40 ಕಿಲೋ ಆಸುಪಾಸು. ಮೂರಡಿಯ ಗಟ್ಟಿ ಮರ ಇದನ್ನು ಆರಾಮಾಗಿ ಹೊರುತ್ತದೆ. ನಾಲ್ಕಡಿಯದ್ದು ಕ್ರಮೇಣ ಜಗ್ಗುತ್ತದೆ.

ಸಾಮಾನು

ಗರಗಸ, ಒಂದು ಇಂಚಿನ ಉಳಿ, ಕೊಡತಿ, ಮೂಲೆಮಟ್ಟ, ಟೇಪು, ಪೆನ್ಸಿಲ್, ಡ್ರಿಲ್ ಮೆಷಿನ್. ಕ್ಲ್ಯಾಂಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸೈಕಲ್ಲಿನ ಹಳೆ ಟ್ಯೂಬ್ ಸುತ್ತಿ ಬಿಗಿದರೂ ನಡೆಯುತ್ತದೆ. ಕೀಸುಳಿ ಇಲ್ಲದಿದ್ದರೆ ಮಿಲ್ಲಿನಲ್ಲೇ ಕೀಸಿಸಿ ತನ್ನಿ.

ಸ್ಕ್ರೂ ಬಗ್ಗೆ ಮಾತ್ರ ಜಿಪುಣತನ ಬೇಡ. ಕಬ್ಬಿಣದ ಮೊಳೆ ನಮ್ಮ ಉಪ್ಪು ಗಾಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಮರವನ್ನು ಸೀಳುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ತನ್ನಿ. ಸ್ಟೇನ್‌ಲೆಸ್‌ನಲ್ಲಿ 304 ಮತ್ತು 316 ಎಂಬ ಎರಡು ದರ್ಜೆ ಇವೆ. ಮನೆ ಸಮುದ್ರದಿಂದ ದೂರ ಇದ್ದರೆ 304 ಸಾಕು. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಬದಿಯಲ್ಲಿದ್ದರೆ 316 ಕೇಳಿ. ಉಪ್ಪನ್ನು ಅದು ಹೆಚ್ಚು ತಾಳುತ್ತದೆ. 8 ನಂಬರಿನ 2 ಇಂಚು ಸ್ಕ್ರೂ 40, 1½ ಇಂಚಿನದ್ದು 20 ಬೇಕು. ಒಂದೆರಡು ಜಾಸ್ತಿಯೇ ಇರಲಿ.

ಅಂಟು ನೀರು ತಾಳುವಂಥದ್ದು ಬೇಕು. ಫೆವಿಕಾಲ್‌ನಲ್ಲೇ ಮೆರೈನ್ ಎಂಬುದು ಸಿಗುತ್ತದೆ. ಶಾಲೆ ಮಕ್ಕಳ ಬಿಳಿ ಅಂಟು ಮಳೆಗಾಲದಲ್ಲಿ ಮತ್ತೆ ಮೆತ್ತಗಾಗುತ್ತದೆ. ಸ್ಯಾಂಡ್ ಪೇಪರ್ 80, 120, 180 ನಂಬರಿನದ್ದು ಎರಡೆರಡು ಹಾಳೆ. ಇದರ ಜೊತೆ ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ.

ಮರವನ್ನು ಹದಕ್ಕೆ ತರುವುದು

ಹಳೆ ಮರವಾದರೆ ಮೊದಲ ಕೆಲಸ ಮೊಳೆ ಹುಡುಕುವುದು. ಕಣ್ಣಿಗೆ ಕಂಡದ್ದನ್ನು ಕೀಳಿ. ಆಮೇಲೆ ಹಳೆ ಸ್ಪೀಕರಿನ ಅಯಸ್ಕಾಂತವನ್ನು ಮರದ ಮೇಲೆ ನಿಧಾನ ಎಳೆಯಿರಿ. ತಲೆ ಮುರಿದು ಒಳಗೇ ಉಳಿದ ಮೊಳೆ ಇದ್ದರೆ ಎಳೆತ ಗೊತ್ತಾಗುತ್ತದೆ. ಇದನ್ನು ಮಾಡದೆ ಮಿಲ್ಲಿಗೆ ಒಯ್ಯಬೇಡಿ. ಒಂದು ಮೊಳೆ ಸಾಕು, ಅವರ ಬ್ಲೇಡು ಹಾಳಾಗುತ್ತದೆ, ಇನ್ನೊಮ್ಮೆ ನಿಮ್ಮ ಮರವನ್ನು ಅವರು ಮುಟ್ಟುವುದಿಲ್ಲ.

ಹಳೆಯ ಪೇಂಟ್ ಇರುವ ಮರವನ್ನು ಒಣಗಿದ್ದಾಗ ಉಜ್ಜಬೇಡಿ. ಹಿಂದಿನ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಇದೆ, ಅದರ ಧೂಳು ಮಕ್ಕಳಿಗೆ ತುಂಬಾ ಕೆಟ್ಟದ್ದು. ಅಂಥ ಮರ ಬಿಟ್ಟು ಬೇರೆ ಆರಿಸುವುದೇ ಸುಲಭ. ಪಕ್ಕಾಸು, ರೀಪಿಗೆ ಹೆಚ್ಚಾಗಿ ಪೇಂಟ್ ಹೊಡೆದಿರುವುದಿಲ್ಲ.

ಸೀಳಿಸಿ, ಕೀಸಿಸಿ ತಂದ ಮೇಲೆ ತುಂಡುಗಳ ನಿಜವಾದ ದಪ್ಪ ಅಳೆದು ನೋಡಿ. 1 ಇಂಚು ಅಂದದ್ದು ಕೀಸಿದ ಮೇಲೆ ಮುಕ್ಕಾಲು ಇಂಚು ಚಿಲ್ಲರೆ ಆಗಿರಬಹುದು. ತೊಂದರೆ ಇಲ್ಲ. ಎಲ್ಲವೂ ಒಂದೇ ದಪ್ಪ ಇದ್ದರಾಯಿತು. ಮಿಲ್ಲಿನಿಂದ ಹೊಸ ಮರ ತಂದಿದ್ದರೆ ಕೆಲವು ವಾರ ನೆರಳಿನಲ್ಲಿ, ಗಾಳಿ ಆಡುವಲ್ಲಿ, ನಡುವೆ ಸಣ್ಣ ತುಂಡುಗಳನ್ನು ಕೊಟ್ಟು ಅಟ್ಟಿ ಇಡಿ. ನೇರ ಬಿಸಿಲಿಗೆ ಹಾಕಿದರೆ ತುದಿ ಸೀಳುತ್ತದೆ.

ಎಂಟು ಪಟ್ಟಿಗಳ ಮೇಲಂಚನ್ನು 80 ನಂಬರಿನ ಪೇಪರಿನಿಂದ ಸ್ವಲ್ಪ ಗುಂಡಗೆ ಮಾಡಿ. ಚೂಪಾದ ಅಂಚಿನಲ್ಲಿ ಪೇಂಟ್ ಆಗಲಿ ಎಣ್ಣೆ ಆಗಲಿ ನಿಲ್ಲುವುದಿಲ್ಲ, ನೀರು ಒಳಗೆ ಹೋಗುವ ಮೊದಲ ದಾರಿ ಅದೇ. ಇನ್ನೂ ಅಚ್ಚುಕಟ್ಟಾಗಿ ಮಾಡಬೇಕು ಅನ್ನುವವರು ಎರಡೂ ಮೆಟ್ಟಿಲಿನ ಮುಂದಿನ ಪಟ್ಟಿಯ ಅಡಿಯಲ್ಲಿ ಉದ್ದಕ್ಕೆ ಗರಗಸದಿಂದ ಒಂದು ತೆಳು ಗೀರು ಹಾಕಬಹುದು. ಕಿಟಕಿಯ ಸನ್‌ಶೇಡ್ ಅಡಿಯಲ್ಲಿ ಇರುತ್ತದಲ್ಲ, ಅದೇ ಕೆಲಸ. ನೀರು ಅಡಿಯಿಂದ ಹಿಂದಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಕಚ್ಚು ತೆಗೆಯುವುದು

ಈ ಕೆಲಸದಲ್ಲಿ ಸಮಯ ಕೊಡಬೇಕಾದದ್ದು ಇಲ್ಲಿ. ಆಧಾರಪಟ್ಟಿಯನ್ನು ಸುಮ್ನೆ ಕಾಲಿನ ಬದಿಗೆ ಇಟ್ಟು ಸ್ಕ್ರೂ ಹೊಡೆದರೆ ಅಷ್ಟೂ ಭಾರ ಸ್ಕ್ರೂ ಮೇಲೆ ನೇತಾಡುತ್ತದೆ. ಮರ ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುವಾಗ ಸ್ಕ್ರೂ ಸುತ್ತ ಸಡಿಲವಾಗುತ್ತದೆ. ಬದಲಿಗೆ ಕಾಲಿನಲ್ಲಿ ಒಂದು ಕಚ್ಚು ತೆಗೆದು ಪಟ್ಟಿಯನ್ನು ಅದರೊಳಗೆ ಕೂರಿಸಿದರೆ ಭಾರ ಮರದಿಂದ ಮರಕ್ಕೆ ಇಳಿಯುತ್ತದೆ. ಸ್ಕ್ರೂ ಬರೀ ಹಿಡಿದುಕೊಂಡಿರುತ್ತದೆ.

ಆಧಾರಪಟ್ಟಿ ಮಲಗುವುದಿಲ್ಲ, ನಿಲ್ಲುತ್ತದೆ. ಅಂದರೆ 2 ಇಂಚಿನ ಬದಿ ಮೇಲೆ ಕೆಳಗೆ, 1 ಇಂಚು ದಪ್ಪ ಅಡ್ಡಕ್ಕೆ. ಆದ್ದರಿಂದ ಕಚ್ಚು 2 ಇಂಚು ಎತ್ತರ, 1 ಇಂಚು ಆಳ. ಕಾಲಿನ ಒಳಬದಿಯಲ್ಲಿ, ಅಂದರೆ ಇನ್ನೊಂದು ಚೌಕಟ್ಟನ್ನು ನೋಡುವ ಬದಿಯಲ್ಲಿ ಬರಬೇಕು.

ಗಿಡ್ಡ ಕಾಲಿನಲ್ಲಿ ಕಚ್ಚು ತಲೆಯಲ್ಲೇ: 9 ಇಂಚಿನಿಂದ 7 ಇಂಚಿನವರೆಗೆ, ಮೇಲೆ ತೆರೆದಿರುತ್ತದೆ. ಉದ್ದ ಕಾಲುಗಳಲ್ಲಿ ಎರಡು ಕಚ್ಚು. ಒಂದು ತಲೆಯಲ್ಲಿ, 19ರಿಂದ 17ರವರೆಗೆ. ಇನ್ನೊಂದು ನಡುವೆ, ನೆಲದಿಂದ 7ರಿಂದ 9 ಇಂಚಿನವರೆಗೆ.

ಗುರುತು ಹಾಕುವಾಗ ಆರೂ ಕಾಲುಗಳ ಬುಡವನ್ನು ಒಂದು ಗೆರೆಗೆ ತಂದು, ಒಟ್ಟಿಗೆ ಕಟ್ಟಿ, ಮೂಲೆಮಟ್ಟದಿಂದ ಒಂದೇ ಗೆರೆ ಎಳೆಯಿರಿ. ಒಂದೊಂದನ್ನೇ ಟೇಪು ಹಿಡಿದು ಅಳೆದರೆ ಕೂದಲೆಳೆ ವ್ಯತ್ಯಾಸ ಬರುತ್ತದೆ, ಆಮೇಲೆ ಸ್ಟ್ಯಾಂಡ್ ಕುಂಟುತ್ತದೆ. ಕಚ್ಚಿನ ಕೆಳಗಿನ ಗೆರೆ ಹೀಗೆ ಬಂದ ಮೇಲೆ, ಮೇಲಿನ ಗೆರೆಗೆ ಟೇಪು ಬೇಡ. ಆಧಾರಪಟ್ಟಿಯನ್ನೇ ಅಲ್ಲಿಟ್ಟು ಅದರ ಅಂಚಿಗೆ ಪೆನ್ಸಿಲ್ ಎಳೆಯಿರಿ.

ಗರಗಸವನ್ನು ಗೆರೆಯ ಒಳಬದಿಗೆ, ಅಂದರೆ ತೆಗೆದು ಹಾಕುವ ಮರದ ಕಡೆಗೆ ಇಟ್ಟು ಕತ್ತರಿಸಿ. ಗೆರೆ ಉಳಿಯಬೇಕು. ನಡುವಿನ ಕಚ್ಚಿಗೆ ಎರಡು ಗೆರೆಗಳ ನಡುವೆ ಇನ್ನೂ ಮೂರು ನಾಲ್ಕು ಕಡೆ ಅದೇ ಆಳಕ್ಕೆ ಗರಗಸ ಹಾಕಿ. ಆಮೇಲೆ ಉಳಿ ಇಟ್ಟು ಕೊಡತಿಯಿಂದ ತಟ್ಟಿದರೆ ತುಂಡುಗಳು ಹಾರಿ ಬರುತ್ತವೆ. ಒಂದೇ ಬದಿಯಿಂದ ಕೊನೆಯವರೆಗೆ ಹೊಡೆಯಬೇಡಿ, ಆಚೆ ಬದಿ ಸಿಗಿದು ಹೋಗುತ್ತದೆ. ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ. ಉಳಿಯ ಮುಂದೆ ಕೈ ಇಡಬೇಡಿ, ಎಷ್ಟೇ ಅನುಭವ ಇದ್ದರೂ.

ಪಟ್ಟಿ ಕಚ್ಚಿನೊಳಗೆ ಕೈಯಿಂದ ಒತ್ತಿದರೆ ಕೂರಬೇಕು. ಸುತ್ತಿಗೆ ಬೇಕಾದರೆ ಬಿಗಿ ಜಾಸ್ತಿ, ಮಳೆಗಾಲದಲ್ಲಿ ಕಾಲು ಸೀಳುತ್ತದೆ. ತಾನಾಗಿ ಬಿದ್ದು ಹೋದರೆ ಸಡಿಲ. ತೆಳು ಚಕ್ಕೆಗೆ ಅಂಟು ಹಚ್ಚಿ ಸಂದು ತುಂಬಿ.

ಇಲ್ಲೊಂದು ಎಚ್ಚರ. ಎರಡು ಚೌಕಟ್ಟುಗಳು ಒಂದರಂತೆ ಒಂದು ಆಗಬಾರದು, ಎಡ ಬಲ ಆಗಬೇಕು. ಗಿಡ್ಡ ಕಾಲು ಎರಡರಲ್ಲೂ ಮುಂದೆ, ಕಚ್ಚುಗಳು ಎದುರೆದುರು. ಅಂಟು ಹಚ್ಚುವ ಮೊದಲು ಎರಡನ್ನೂ ನೆಲದ ಮೇಲೆ ಜೋಡಿಸಿ, ಕಾಲುಗಳಿಗೆ ಎಡ, ಬಲ ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ.

ಜೋಡಣೆ

ಮೊದಲು ಪಕ್ಕದ ಚೌಕಟ್ಟುಗಳು. ಕಚ್ಚಿಗೆ ಅಂಟು ಹಚ್ಚಿ, ಪಟ್ಟಿ ಕೂರಿಸಿ. ಮೇಲಿನ ಆಧಾರಪಟ್ಟಿಯ ಎರಡು ತುದಿಯೂ ಕಾಲಿನ ಹೊರ ಅಂಚಿಗೆ ಸಮ ಇರಲಿ. ಆಗ ನಡುವಿನ ಕಾಲಿನ ಮುಂದಿನ ಅಂಚು ಹಿಂದಿನಿಂದ 9½ ಇಂಚಿಗೆ ಬರುತ್ತದೆ, ಗಿಡ್ಡ ಕಾಲಿನದ್ದು 19½ಕ್ಕೆ. ಮೂಲೆಮಟ್ಟ ಇಟ್ಟು ನೋಡಿ, ಒಂದೊಂದು ಜೋಡಣೆಗೂ ಒಂದಕ್ಕೊಂದು ಓರೆಯಲ್ಲಿ ಬರುವಂತೆ ಎರಡು 1½ ಇಂಚಿನ ಸ್ಕ್ರೂ ಹಾಕಿ. ಸ್ಕ್ರೂ ಒಳಬದಿಯಿಂದ, ಪಟ್ಟಿಯ ಮೂಲಕ ಕಾಲಿಗೆ ಹೋಗಬೇಕು. ಮೇಲಂಚಿನಿಂದ ಮುಕ್ಕಾಲು ಇಂಚು ಕೆಳಗಿರಲಿ. ಆಮೇಲೆ ಮೇಲಿನಿಂದ ಬರುವ ಸ್ಕ್ರೂಗಳು ಆದಷ್ಟು ಇವುಗಳ ನೇರಕ್ಕೆ ಬಾರದಂತೆ ನೋಡಿಕೊಳ್ಳಿ.

ಗಟ್ಟಿ ಮರಕ್ಕೆ ತೂತು ಕೊರೆಯದೆ ಸ್ಕ್ರೂ ಹಾಕಬೇಡಿ. ಮೇಲಿನ ತುಂಡಿಗೆ 4.5 ಮಿ.ಮೀ., ಕೆಳಗಿನ ತುಂಡಿಗೆ 3 ಮಿ.ಮೀ. ಮೇಲಿನದರಲ್ಲಿ ಸ್ಕ್ರೂ ಸಡಿಲವಾಗಿ ಹೋಗಬೇಕು, ಕೆಳಗಿನದರಲ್ಲಿ ಕಚ್ಚಬೇಕು. ಆಗಲೇ ಎರಡೂ ಬಿಗಿಯಾಗಿ ಸೇರುವುದು. ಸ್ಕ್ರೂ ಎಳೆಗೆ ಸ್ವಲ್ಪ ಮೇಣದ ಬತ್ತಿ ಉಜ್ಜಿದರೆ ಸಲೀಸಾಗಿ ಇಳಿಯುತ್ತದೆ. ಹಿತ್ತಾಳೆಯದ್ದಾದರೆ ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದ್ದು ಹಾಕಿ. ನೇರವಾಗಿ ಹಾಕಿದರೆ ತಲೆ ಮುರಿಯುತ್ತದೆ.

ಚೌಕಟ್ಟುಗಳು ರಾತ್ರಿಯಿಡೀ ಒಣಗಲಿ. ಮರುದಿನ ಎರಡನ್ನೂ ನಿಲ್ಲಿಸಿ, ಹಿಂದಿನ ಕಾಲುಗಳಿಗೆ ನೆಲದಿಂದ 3 ಇಂಚು ಮೇಲೆ 34 ಇಂಚಿನ ಅಡ್ಡಪಟ್ಟಿ ಹಾಕಿ. ಒಬ್ಬರು ಹಿಡಿದುಕೊಳ್ಳಲು ಬೇಕು. ಹೊರಗಿನಿಂದ ಹೊರಗೆ 34 ಇಂಚು, ಅಡ್ಡಪಟ್ಟಿಯ ತುದಿ ಕಾಲಿನ ಹೊರ ಅಂಚಿಗೆ ಸಮ.

ಈಗ ಚಟ್ಟಿ ಕೂರುವ ಪಟ್ಟಿಗಳು. ಇವು ಎರಡೂ ಕಡೆ ಕಾಲಿನಿಂದ 1 ಇಂಚು ಹೊರಗೆ ಚಾಚಬೇಕು. ಚಾಚಿದರೆ ತುದಿಯ ನೀರು ಕಾಲಿನ ಮೇಲೆ ಇಳಿಯದೆ ದೂರ ಬೀಳುತ್ತದೆ. ಮೇಲಿನ ಮೆಟ್ಟಿಲಿನಲ್ಲಿ ಮೊದಲ ಪಟ್ಟಿ ಹಿಂದಿನ ಅಂಚಿಗೆ, ಕೊನೆಯದು ಮುಂದಿನ ಅಂಚಿಗೆ, ನಡುವಿನ ಎರಡಕ್ಕೆ ಅರ್ಧ ಇಂಚು ದಪ್ಪದ ಮರದ ತುಂಡು ಇಟ್ಟು ಸಂದು ಸರಿ ಮಾಡಿ. ಕೆಳಗಿನ ಮೆಟ್ಟಿಲಿನಲ್ಲಿ ನಡುವಿನ ಕಾಲಿನಿಂದಲೂ ಅರ್ಧ ಇಂಚು ಬಿಡಿ. ಪ್ರತಿ ತುದಿಗೆ ಎರಡು ಸ್ಕ್ರೂ, 2 ಇಂಚಿನದ್ದು, ಪಟ್ಟಿಯ ತುದಿಯಿಂದ 2½ ಇಂಚು ಒಳಗೆ. ಅಲ್ಲಿಗೆ ಸರಿಯಾಗಿ ಆಧಾರಪಟ್ಟಿಯ ನಡು ಬರುತ್ತದೆ. ಪಟ್ಟಿಗಳಿಗೆ ಅಂಟು ಹಚ್ಚಲೇಬೇಡಿ. ಮುಂದೆ ಯಾವುದಾದರೂ ಒಂದು ಹಾಳಾದರೆ ಅದನ್ನು ಮಾತ್ರ ಬಿಚ್ಚಿ ತೆಗೆಯಲು ಬರಬೇಕು.

ಕೊನೆಗೆ ಓರೆಪಟ್ಟಿ. ಇಷ್ಟಾದ ಮೇಲೂ ಸ್ಟ್ಯಾಂಡನ್ನು ಎಡಕ್ಕೆ ಬಲಕ್ಕೆ ತಳ್ಳಿದರೆ ಸ್ವಲ್ಪ ಆಡುತ್ತದೆ. ಹಿಂಬದಿಯಲ್ಲಿ ಎಡ ಕಾಲಿನ ತಲೆಯಿಂದ ಬಲ ಕಾಲಿನ ಬುಡಕ್ಕೆ, ಬಲ ಕಾಲಿನ ತಲೆಯಿಂದ ಎಡ ಕಾಲಿನ ಬುಡಕ್ಕೆ ಟೇಪು ಹಿಡಿಯಿರಿ. ಎರಡೂ ಅಳತೆ ಒಂದೇ ಬರುವವರೆಗೆ ಮೆಲ್ಲಗೆ ತಳ್ಳಿ ಸರಿ ಮಾಡಿ. ಹಾಗೇ ಹಿಡಿದುಕೊಂಡು, ಒಂದು ಕಾಲಿನಲ್ಲಿ ಅಡ್ಡಪಟ್ಟಿಯ ಸ್ವಲ್ಪ ಮೇಲಿನಿಂದ ಇನ್ನೊಂದು ಕಾಲಿನ ಮೇಲಿನ ಕಚ್ಚಿನ ಸ್ವಲ್ಪ ಕೆಳಗಿನವರೆಗೆ ಓರೆಪಟ್ಟಿ ಇಟ್ಟು, ಗುರುತು ಮಾಡಿ, ಕತ್ತರಿಸಿ, ಎರಡೂ ತುದಿಗೆ ಎರಡೆರಡು ಸ್ಕ್ರೂ ಹಾಕಿ. ಈಗ ತಳ್ಳಿ ನೋಡಿ. ಅಲ್ಲಾಡುವುದಿಲ್ಲ, ಅಲ್ವಾ?

ಕಾಲಿನ ಬುಡ

ಮರದ ಬೇರೆ ಯಾವ ಭಾಗಕ್ಕಿಂತ ಕತ್ತರಿಸಿದ ತುದಿ ನೀರನ್ನು ಬೇಗ ಹೀರುತ್ತದೆ. ಮರ ಬದುಕಿದ್ದಾಗ ಬೇರಿನಿಂದ ನೀರು ಏರಿದ ದಾರಿಗಳೇ ಅಲ್ಲಿ ಬಾಯಿ ತೆರೆದಿರುತ್ತವೆ. ಕಾಲಿನ ಬುಡ ಒದ್ದೆ ನೆಲಕ್ಕೆ ತಾಗಿಕೊಂಡೇ ಇರುತ್ತದೆ ಬೇರೆ. ಆರೂ ಬುಡಗಳಿಗೆ ಅರಾಲ್ಡೈಟ್ ಥರದ ಎಪಾಕ್ಸಿಯನ್ನು ತೆಳ್ಳಗೆ ಎರಡು ಸಲ ಬಳಿಯಿರಿ. ಮೊದಲ ಸಲದ್ದು ಮರವೇ ಕುಡಿಯುತ್ತದೆ. ಎಂಟು ಪಟ್ಟಿಗಳ ತುದಿಗೂ ಹಚ್ಚಿದರೆ ಇನ್ನೂ ಒಳ್ಳೆಯದು.

ಕುರ್ಚಿ ಕಾಲಿಗೆ ಹಾಕುವ ರಬ್ಬರ್ ಬುಶ್ ಹಾಕಬೇಡಿ. ಅದು ಬಟ್ಟಲಿನ ಹಾಗಿದೆ, ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಬದಲಿಗೆ ಗ್ರಾನೈಟ್ ಅಂಗಡಿಯಲ್ಲಿ ಬಿಸಾಡುವ ಸಣ್ಣ ತುಂಡುಗಳನ್ನು ತಂದು ಕಾಲಿನ ಕೆಳಗಿಡಿ. ಸಿಟೌಟಿನ ನೆಲಕ್ಕೆ ಹೊರಗಡೆಗೆ ಇಳಿಜಾರು ಇರುತ್ತದೆ. ಮುಂದಿನ ಕಾಲಿಗೆ ಸ್ವಲ್ಪ ದಪ್ಪದ ತುಂಡು ಕೊಟ್ಟು ಅಲ್ಲೇ ಮಟ್ಟ ಮಾಡಬಹುದು. ಕಾಲು ಕತ್ತರಿಸಿ ಮಟ್ಟ ಮಾಡಲು ಹೊರಡಬೇಡಿ, ಮಾರಾಯ್ರೆ. ಅದು ಮುಗಿಯುವ ಕೆಲಸ ಅಲ್ಲ.

ಎಣ್ಣೆಯೋ, ಪೇಂಟೋ

ಜೋಡಣೆ ನೋಡಿಯಾದ ಮೇಲೆ ಎಂಟು ಪಟ್ಟಿಗಳನ್ನು ಮತ್ತೆ ಬಿಚ್ಚಿ. ಸ್ವಲ್ಪ ಕಿರಿಕಿರಿ ಅನಿಸುತ್ತದೆ, ಆದರೆ ನಾಲ್ಕೂ ಬದಿಗೆ ಹಚ್ಚಬೇಕಾದರೆ ಬೇರೆ ದಾರಿ ಇಲ್ಲ. ಅಡಿಭಾಗ ಬಿಟ್ಟು ಮೇಲೆ ಮಾತ್ರ ಬಳಿದರೆ ಒಂದು ಬದಿ ನೀರು ಕುಡಿದು ಪಟ್ಟಿ ಬಾಗುತ್ತದೆ. 120, ಆಮೇಲೆ 180 ನಂಬರಿನ ಪೇಪರ್ ಹಾಕಿ, ಧೂಳು ಒರೆಸಿ, ಹಚ್ಚಲು ಶುರು ಮಾಡಿ.

ನನಗೆ ಇಷ್ಟವಾದದ್ದು ಅಗಸೆ ಎಣ್ಣೆ. ಅಂಗಡಿಯಲ್ಲಿ ‘ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್’ ಅಂತ ಕೇಳಿ. ಬೇಯಿಸದ್ದು ಒಣಗಲು ತುಂಬಾ ಸಮಯ ತೆಗೆದುಕೊಳ್ಳುತ್ತದೆ. ಬಟ್ಟೆಯಲ್ಲಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಒಂದೆರಡು ದಿನ ಬಿಟ್ಟು ಮತ್ತೆ. ಒಟ್ಟು ಮೂರು ಸಲ. ಒರೆಸದೆ ಬಿಟ್ಟರೆ ಅಂಟಂಟಾಗಿ ಉಳಿದು ಅದರ ಮೇಲೆ ಬೂಸು ಬರುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.

ತೆಂಗಿನೆಣ್ಣೆ ಹಚ್ಚಬಹುದಾ ಅಂತ ಕೇಳುವವರು ಇರುತ್ತಾರೆ. ಬೇಡ. ಅದು ಮರದ ಮೇಲೆ ಗಟ್ಟಿಯಾಗಿ ಒಣಗುವ ಎಣ್ಣೆ ಅಲ್ಲ. ಫ್ರೆಂಚ್ ಪಾಲಿಶ್ ಕೂಡ ಬೇಡ, ಅದು ಅರಗಿನಿಂದ ಮಾಡಿದ್ದು, ನೀರು ಬಿದ್ದಲ್ಲಿ ಬೆಳ್ಳಗಾಗುತ್ತದೆ. ಗ್ಯಾರೇಜಿನ ಕರಿ ಆಯಿಲ್ ಬೇಲಿ ಗೂಟಕ್ಕೆ ಇರಲಿ. ಸಿಟೌಟಿನಲ್ಲಿ ಅದು ನೆಲಕ್ಕೆ, ಬಟ್ಟೆಗೆ ಹತ್ತುತ್ತದೆ, ಮಣ್ಣಿಗೂ ಇಳಿಯುತ್ತದೆ.

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆಯ ವಿಷಯ ಬೇರೆ. ಮೀನುಗಾರರು ಮರದ ದೋಣಿಗೆ ಬಳಿಯುತ್ತಿದ್ದದ್ದು ಅದನ್ನೇ. ಒರಲೆಯನ್ನೂ ಕೊಳೆಯುವುದನ್ನೂ ತಡೆಯುತ್ತದೆ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ, ಮರವೂ ಕಪ್ಪಾಗುತ್ತದೆ. ಹಚ್ಚುವುದಾದರೆ ಉದ್ದ ಕೈಗವಸು ಹಾಕಿ, ಕಾಲುಗಳ ಕೆಳಗಿನ ಅರ್ಧಕ್ಕೆ ಮಾತ್ರ, ಒಳ್ಳೆಯ ಬಿಸಿಲಿನ ದಿನಗಳಲ್ಲಿ. ಪೂರ್ತಿ ಒಣಗುವವರೆಗೆ ಮಕ್ಕಳನ್ನು, ನಾಯಿ ಬೆಕ್ಕನ್ನು ಹತ್ತಿರ ಬಿಡಬೇಡಿ.

ಮಳೆ ನೇರವಾಗಿ ಹೊಡೆಯುವ ಜಾಗವಾದರೆ, ಅಥವಾ ಮರ ಪೈನ್ ಆದರೆ, ಎಣ್ಣೆ ಸಾಲದು. ವುಡ್ ಪ್ರೈಮರ್ ಒಂದು ಸಲ, ಎನಾಮೆಲ್ ಪೇಂಟ್ ಎರಡು ಸಲ.

ಎಲ್ಲಿ ಇಡಬೇಕು

ನಮ್ಮ ಮಳೆ ಪಡುವಣದಿಂದ, ನೈರುತ್ಯದಿಂದ ಓರೆಯಾಗಿ ಬರುತ್ತದೆ. ಆ ಕಡೆಗೆ ತೆರೆದ ಸಿಟೌಟಾದರೆ ಮಳೆಗಾಲದಲ್ಲಿ ಸ್ಟ್ಯಾಂಡನ್ನು ಒಳಗಿನ ಗೋಡೆಗೆ ಸರಿಸಿ. ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಗಾಳಿ ಆಡುತ್ತದೆ, ಒರಲೆ ಗೋಡೆಯಿಂದ ಹತ್ತಿ ಬಂದರೂ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ.

ಭಾರದ ಚಟ್ಟಿ ಕೆಳಗೆ, ಹಗುರದ್ದು ಮೇಲೆ. ಸಿಟೌಟಿನ ನೆರಳಿಗೆ ಆಂತೂರಿಯಂ, ಜರಿಗಿಡ, ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಸರಿ. ಶಂಕರಪುರ ಮಲ್ಲಿಗೆಯನ್ನು ಇಲ್ಲಿಟ್ಟು ಹೂವು ಬರಲಿಲ್ಲ ಅನ್ನಬೇಡಿ. ಅದಕ್ಕೆ ತಾರಸಿಯ ಪೂರ್ತಿ ಬಿಸಿಲು ಬೇಕು. ಚಟ್ಟಿಯ ಅಡಿಗೆ ತಟ್ಟೆ ಇಡದಿದ್ದರೇ ಒಳ್ಳೆಯದು. ನೀರು ಸಂದಿನಿಂದ ಇಳಿದು ಹೋಗಲಿ ಅಂತಲೇ ಅಲ್ವಾ ಅರ್ಧ ಇಂಚು ಬಿಟ್ಟದ್ದು. ತಟ್ಟೆಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ, ಡೆಂಗಿ ಭಯ ಇರುವ ಊರಲ್ಲಿ ಅದು ಬೇಡ. ಮಣ್ಣಿನ ಚಟ್ಟಿಯ ಅಡಿ ಸದಾ ಒದ್ದೆ ಇರುತ್ತದೆ. ಹಂಚಿನ ಮೂರು ಸಣ್ಣ ಚೂರುಗಳ ಮೇಲೆ ಕೂರಿಸಿದರೆ ಮರಕ್ಕೂ ಚಟ್ಟಿಗೂ ನಡುವೆ ಗಾಳಿ ಆಡುತ್ತದೆ.

ಮಳೆ ಬಿಟ್ಟ ಮೇಲೆ

ದೀಪಾವಳಿಗೆ ಮನೆ ತೊಳೆಯುವಾಗ ಚಟ್ಟಿಗಳನ್ನು ಕೆಳಗಿಳಿಸಿ ಸ್ಟ್ಯಾಂಡನ್ನೂ ನೋಡಿ. ಪಾಚಿಯನ್ನು ತೆಂಗಿನ ನಾರಿನ ಬ್ರಶ್ಶಿನಿಂದ ಉಜ್ಜಿ ತೊಳೆದು, ಒಂದು ವಾರ ಗಾಳಿಗೆ ಬಿಡಿ. ಕಾಲಿನ ಬುಡಕ್ಕೆ, ಕಚ್ಚಿನ ಸಂದಿಗೆ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ಗಟ್ಟಿ ಇದ್ದರೆ ಸ್ಕ್ರೂ ಬಿಗಿ ಮಾಡಿ, ಮೇಲಿಂದ ಒಮ್ಮೆ ಎಣ್ಣೆ ಒರೆಸಿ, ಅಷ್ಟೇ. ಮೇ ತಿಂಗಳಲ್ಲಿ ಇನ್ನೊಮ್ಮೆ.

ಪಟ್ಟಿಗಳಲ್ಲಿ ಮೊದಲು ಹಾಳಾಗುವುದು ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲಿನ ಮುಂದಿನದು. ಮಳೆಯ ಎರಚಲು ಹೆಚ್ಚು ಬೀಳುವುದು ಅದರ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ತೆಗೆಯಿರಿ. ಉಳಿದ ರೀಪಿನಿಂದ 36 ಇಂಚು ಕತ್ತರಿಸಿ, ಹಳೆ ಪಟ್ಟಿಯನ್ನು ಮೇಲಿಟ್ಟು ಅದರ ತೂತುಗಳಲ್ಲೇ ಗುರುತು ಹಾಕಿ ಕೊರೆಯಿರಿ. ಆಧಾರಪಟ್ಟಿಯ ತೂತು ಸಡಿಲವಾಗಿದ್ದರೆ ಅಂಟು ಹಚ್ಚಿದ ಬಿದಿರಿನ ಕಡ್ಡಿ ಹೊಡೆದು, ಒಣಗಿದ ಮೇಲೆ ಸಮಕ್ಕೆ ಕತ್ತರಿಸಿ, ಮತ್ತೆ 3 ಮಿ.ಮೀ. ಕೊರೆದು ಸ್ಕ್ರೂ ಹಾಕಿ.